ಸೂಜಿಗೆ ಕೆಲಸವಿಲ್ಲದ ಪುಸ್ತಕ

ಕೌಲ್ ಬಜಾರಿನಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುವ ಒಬ್ಬ ಚಾಚಾ ಇದ್ದರು. ಹೊಸಬರು ಯಾರಾದರೂ ಕಾಮಿಕ್ಸ್ ಅಚ್ಚು ಹಾಕಿಸಲು ಜನರಿಂದ ಮುಂಗಡ ಹಣ ಕೇಳಿದರೆ, ಫೋನಿನಲ್ಲೇ ಕಳಿಸಿಬಿಡುತ್ತಿದ್ದರು. ಆ ಪುಸ್ತಕವನ್ನು ಯಾರೆಷ್ಟು ಹೊಗಳಿದರೂ ಅವರದು ಒಂದೇ ಮಾತು: "ಕೈಗೆ ಬರ್ಲಿ, ನೋಡೂಣು."

ಕೈಗೆ ಬಂದ ಪುಸ್ತಕವನ್ನು ತಕ್ಷಣ ಓದುತ್ತಿರಲಿಲ್ಲ. ಒದ್ದೆ ಹೆಬ್ಬೆರಳಿನಿಂದ ಬಣ್ಣ ಉಜ್ಜಿ ನೋಡುತ್ತಿದ್ದರು. ನಡುಪುಟ ತೆರೆದು ಮೇಜಿನ ಮೇಲಿಟ್ಟು ಕೈ ತೆಗೆಯುತ್ತಿದ್ದರು. ಪುಸ್ತಕ ತಾನಾಗಿ ಮುಚ್ಚಿಕೊಂಡಿತೋ, ಪೂರ್ತಿ ಬಿಚ್ಚಿ, ತಾವೇ ಹೊಲಿದು, ಆಮೇಲೆ ಓದುತ್ತಿದ್ದರು.

ನನ್ನ ಮೊದಲ ಕಾಮಿಕ್ಸಿಗೂ ಹಣ ಹಾಕಿದ್ದರು. ರಾರಾವಿಯ ಹೊಳೆಯನ್ನು ಎರಡು ಪುಟಗಳಿಗೆ ಹರಡಿ, ಸರಿಯಾಗಿ ನಡುವೆ ಹರಿಗೋಲು ಬಿಡಿಸಿದ್ದೆ. ಅದು ಪುಟಗಳ ಸಂದಿಯೊಳಗೆ ಸೇರಿಹೋಗಿತ್ತು. ಚಾಚಾ ಪುಸ್ತಕ ಅಗಲಿಸಿ ಕೇಳಿದರು: "ಹರಗೋಲು ಎಲ್ಲಿ ಹೋತಮ್ಮಾ?"

ಊರಿಗೆ ಮರಳುವ ಬಸ್ಸು ಕುರುಗೋಡು ಮುಟ್ಟಿದರೂ ನನ್ನ ಸಿಟ್ಟು ಇಳಿದಿರಲಿಲ್ಲ.

ಎರಡನೆಯ ಪುಸ್ತಕದಲ್ಲಿ ಅದೇ ಹೊಳೆಯನ್ನು ಮತ್ತೆ ಬಿಡಿಸಿದೆ. ಈ ಸಲ ಖಾಲಿ ಹಾಳೆಗಳನ್ನು ಹೊಲಿದು, ಸಂದಿ ಎಷ್ಟು ನುಂಗುತ್ತದೆಂದು ನೋಡಿಕೊಂಡು, ಹರಿಗೋಲನ್ನು ದಡದತ್ತ ಸರಿಸಿದ್ದೆ. ಅಚ್ಚಾದ ಪ್ರತಿಯನ್ನು ನಾನೇ ಒಯ್ದು ಕೊಟ್ಟೆ. ಚಾಚಾ ಮೊದಲೇ ಸೂಜಿಗೆ ದಾರ ಪೋಣಿಸಿಟ್ಟುಕೊಂಡಿದ್ದರು! ಬಣ್ಣ ಉಜ್ಜಿದರು, ಬೆರಳಿಗೆ ಏನೂ ಹತ್ತಲಿಲ್ಲ. ತೆರೆದಿಟ್ಟು ಕೈ ತೆಗೆದರು; ಪುಟ ಅಲುಗಲಿಲ್ಲ. ಹರಿಗೋಲನ್ನೇ ಬಹಳ ಹೊತ್ತು ನೋಡಿದರು. ಕೊನೆಗೆ ಸೂಜಿಯಿಂದ ದಾರ ಎಳೆದು ಹಾಕಿ, ಪಕ್ಕದ ಅಂಗಡಿಯವರಿಗೆಲ್ಲ ಕೇಳುವಂತೆ ಕೂಗಿದರು:

"ಬರ್ರಿ, ನೋಡ್ರಿ! ನನ್ನ ಸೂಜಿಗೆ ಕೆಲಸ ಇಲ್ದಂಗ ಮಾಡ್ಯಾಳ ಈಕಿ!"

ಆಮೇಲೆ ಕನ್ನಡಕ ಹಾಕಿಕೊಂಡು, ನಿಂತಲ್ಲೇ ಮೊದಲ ಪುಟದಿಂದ ಓದತೊಡಗಿದರು.