ಮಗಳಿಗಿಲ್ಲದ ಕಾಮಾಲೆ

ಎಂಟನೇ ತರಗತಿಯಲ್ಲಿ ಮಗಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಯೂನಿಫಾರ್ಮ್ ತೊಟ್ಟು, ಜಡೆ ಹಾಕಿಸಿಕೊಂಡು ಜಗಲಿಯಲ್ಲಿ ಕೂರುವಳು; ಶಾಲೆಯ ವ್ಯಾನ್ ಹಾರ್ನ್ ಹೊಡೆದ ಕೂಡಲೇ ಹೊಟ್ಟೆ ಹಿಡಿದುಕೊಂಡು ನಡುಗುವಳು. ಬೈದೆ, ಕೈ ಹಿಡಿದು ಎಳೆದೆ. ಒಂದು ದಿನ ಬಾಗಿಲ ದಾರಂದವನ್ನು ತಬ್ಬಿಕೊಂಡು, ನಿಂತಲ್ಲೇ ಉಚ್ಚೆ ಮಾಡಿಕೊಂಡಳು. ಅಂದಿನಿಂದ ಎಳೆಯುವುದನ್ನು ಬಿಟ್ಟೆ.

ಆದರೆ ಕುಂಬ್ರದ ಪೇಟೆಯಲ್ಲಿ ನನ್ನದೊಂದು ಅಂಗಡಿ ಇದೆಯಲ್ಲ. ಸಾಮಾನಿಗೆ ಬಂದವರಿಗೆಲ್ಲ ಅದೇ ಚಿಂತೆ: "ಮಗಳು ವ್ಯಾನಲ್ಲಿ ಕಾಣುದಿಲ್ಲ, ಎಂತ ಮಾರಾಯ್ರೆ?" ಮಗುವಿನ ಮನಸ್ಸಿಗೆ ಹುಷಾರಿಲ್ಲ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. "ಕಾಮಾಲೆ" ಎಂದುಬಿಟ್ಟೆ. ಮರ್ಯಾದಸ್ಥ ಕಾಯಿಲೆ ಅದು; ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಪ್ರಶ್ನೆ ಕೇಳುವುದಿಲ್ಲ, ನಿಜ. ಮದ್ದು ತರುತ್ತಾರೆ! ಸುದ್ದಿ ಮುಟ್ಟಿದ ಮರುದಿನವೇ ಮರ್ಕಂಜದಿಂದ ನನ್ನ ಅಕ್ಕ ಬಂದಳು, ಚೀಲದ ತುಂಬ ನೆಲನೆಲ್ಲಿ ಗಿಡ ಕಿತ್ತುಕೊಂಡು. ಅರೆದು ಮಜ್ಜಿಗೆಯಲ್ಲಿ ಕಲಸಿ, "ಮೂರು ದಿನ ಖಾಲಿ ಹೊಟ್ಟೆಗೆ ಕುಡಿಬೇಕು ಮಗಾ. ಉಪ್ಪಿಲ್ಲ, ಎಣ್ಣೆ ಇಲ್ಲ, ಬರೀ ಗಂಜಿ" ಎಂದಳು. ಮಗಳು ನನ್ನ ಮುಖ ನೋಡಿದಳು. ನಾನು ಲೋಟ ನೋಡಿದೆ, ಹೇಡಿ. ಅವಳು ಕುಡಿದಳು. ಮೂರು ದಿನವೂ ಕುಡಿದಳು, ಸಪ್ಪೆ ಗಂಜಿ ಉಂಡಳು. ಅಕ್ಕ ಅವಳ ಕಣ್ಣಿನ ರೆಪ್ಪೆ ಎತ್ತಿ ನೋಡಿ "ಹಳದಿ ಎಲ್ಲ ಇಳ್ದುಂಟು" ಎಂದಾಗ ಸುಮ್ಮನೆ ತಲೆಯಾಡಿಸಿದಳು.

ಅಷ್ಟು ದಿನ ಹೆಂಡತಿ ನನ್ನೊಡನೆ ಮಾತಾಡಲಿಲ್ಲ. ಅಕ್ಕ ಬಸ್ಸು ಹತ್ತಿದ ಮೇಲೆ ತಾನೇ ಫೋನ್ ಮಾಡಿ, ಪುತ್ತೂರಿನಲ್ಲಿ ಮನೋವೈದ್ಯರೊಬ್ಬರ ಭೇಟಿಗೆ ಸಮಯ ಕೇಳಿದಳು. ಮೂವರೂ ಹೋದೆವು. ಡಾಕ್ಟರು ಮಗಳನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಕೇಳಿದರು, "ನಿಂಗೆ ಎಂತ ಆಗ್ತಾ ಉಂಟು ಮಗಾ?"

ಅವಳು ನನ್ನ ಕಡೆಗೊಮ್ಮೆ ತಿರುಗಿ ನೋಡಿ, "ಕಾಮಾಲೆ" ಎಂದಳು.

ಅಲ್ಲಿಯೂ ನನ್ನ ಮರ್ಯಾದೆ ಕಾಯಲು ಹೊರಟಿತ್ತು ಆ ಮಗು. ಡಾಕ್ಟರ ಎದುರೇ ಅತ್ತುಬಿಟ್ಟೆ. ಸುಳ್ಳು ನನ್ನದು, ಇವಳದಲ್ಲ ಎಂದು ಅಳುತ್ತಲೇ ಹೇಳಿದೆ.

ಈಗ ಶಾಲೆಗೆ ಹೋಗುತ್ತಾಳೆ. ಮೊದಲು ಗೇಟಿನವರೆಗೆ, ಆಮೇಲೆ ಎರಡು ಪಿರಿಯಡ್, ಈಗ ವಾರದಲ್ಲಿ ನಾಲ್ಕು ದಿನ. ಹೆದರಿಕೆ ಬಂದರೆ ಅಮ್ಮನಿಗೆ ಹೇಳುತ್ತಾಳೆ, ಡಾಕ್ಟರಿಗೆ ಹೇಳುತ್ತಾಳೆ. ನಾನು ಕೇಳಿದರೆ ಮಾತ್ರ, "ಎಂತ ಇಲ್ಲ ಅಪ್ಪ, ಹುಷಾರಿದ್ದೇನೆ" ಎಂದು ನಗುತ್ತಾಳೆ.