ಇಳಿಯದ ಬಲಗಾಲು

ವಿಮಾನಗಳ ಹ್ಯಾಂಗರಿನಲ್ಲಿ ಎಲ್ಲರೂ ಅವಳನ್ನು ಗ್ರೀಸಕ್ಕ ಎನ್ನುತ್ತಿದ್ದರು. ಹಳೆಯ ಯುದ್ಧವಿಮಾನಗಳನ್ನು ರಿಪೇರಿ ಮಾಡಿ, ಪ್ರದರ್ಶನಕ್ಕೆ ಮತ್ತೆ ಹಾರಿಸುವ ಸಂಸ್ಥೆ ಅದು. ಚಕ್ರ, ಚಕ್ರ ಹೊತ್ತ ಕಾಲು, ಆ ಕಾಲನ್ನು ಮಡಚಿ ಬಿಚ್ಚುವ ಎಣ್ಣೆಯ ಕೊಳವೆ, ಹೊಟ್ಟೆಯ ತಗಡು, ಎಲ್ಲ ಅವಳ ಪಾಲಿನ ಕೆಲಸ. ಇಪ್ಪತ್ತೆರಡು ವರ್ಷ ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ದುಡಿದವಳು. ಅದೇ ವಿಮಾನದೊಳಗೆ ಕೂತು ಹಾರುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ.

ಹಾರಬೇಕೆಂದು ಮೊದಲು ಹಟ ಹಿಡಿದವಳು ಅಕ್ಕ. ಹದಿನೆಂಟನೇ ವಯಸ್ಸಿಗೆ ಪರೀಕ್ಷೆಗೆ ಹೋದಾಗ ವೈದ್ಯರು ಎಡಗಣ್ಣು ಮಂದ ಎಂದು ಅರ್ಜಿಗೆ ಅಡ್ಡಗೆರೆ ಎಳೆದರು. ಜೊತೆಗೆ ಸುಮ್ಮನೆ ಬಂದಿದ್ದ ತಂಗಿ ಕುರ್ಚಿ ಹತ್ತಿ, "ನನ್ನ ಕಣ್ಣೂ ನೋಡಿ ಡಾಕ್ಟ್ರೇ" ಎಂದಳು. ಎರಡೂ ಹದ್ದಿನ ಕಣ್ಣು. ತಂಗಿಯ ನಗು ಮಾಸುವ ಮೊದಲೇ ಅಕ್ಕನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತ್ತು. ಅದು ಆಮೇಲೆ ಆರಲೇ ಇಲ್ಲ.

ಆರದಂತೆ ನೋಡಿಕೊಳ್ಳಲು ಮನೆಯಲ್ಲಿ ಅಮ್ಮ ಇದ್ದಳು. ನೆಂಟರು ಬಂದರೆ, "ನಮ್ಮ ಚಿಕ್ಕವಳು ವಿಮಾನ ಹಾರಿಸ್ತಾಳೆ" ಎಂದು ಶುರು ಮಾಡುವಳು.

"ದೊಡ್ಡವಳು?"

"ಅವಳೂ ಅಲ್ಲೇ ಏನೋ ಮಾಡ್ತಾಳೆ."

ಆ 'ಏನೋ' ಎಂಬ ಎರಡಕ್ಷರ ಅಡುಗೆಮನೆಯಲ್ಲಿದ್ದ ಗ್ರೀಸಕ್ಕನ ಕಿವಿಗೆ ಕಾದ ಎಣ್ಣೆಯಂತೆ ಬೀಳುತ್ತಿತ್ತು.

ಆ ಹಳೆಯ ವಿಮಾನವನ್ನು ನೆಲಕ್ಕೆ ತರುವುದು ಹೂ ಎತ್ತಿದಷ್ಟು ಸುಲಭವಲ್ಲ. ಮುಂದೆ ಎರಡು ದೊಡ್ಡ ಚಕ್ರ, ಬಾಲದಲ್ಲಿ ಒಂದು ಪುಟ್ಟ ಚಕ್ರ. ಇಳಿಯುವಾಗ ಮೂತಿ ಮೇಲೆದ್ದು ಮುಂದಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಪೈಲಟ್ ಪಕ್ಕದ ಹುಲ್ಲು ನೋಡಿಕೊಂಡು ಅಂದಾಜಿನ ಮೇಲೆ ಮೂರೂ ಚಕ್ರವನ್ನು ಒಟ್ಟಿಗೆ ಊರಬೇಕು. ಸ್ವಲ್ಪ ಓರೆಯಾದರೂ ಬಾಲ ಸುತ್ತಿ ಬಂದು ಮೂತಿಯನ್ನೇ ದಾಟಲು ನೋಡುತ್ತದೆ. ತಂಗಿ ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವಂತೆ ಇಳಿಸುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಭಾರ ಹೊತ್ತ ಕಾಲಿಗೆ ಚಪ್ಪಾಳೆ ತಟ್ಟಿದವರಿಲ್ಲ. 'ಒಂದೇ ಒಂದು ಸಲ ಎಡವಲಿ. ಜನರ ಮುಂದೆಯೇ ಎಡವಲಿ' ಎಂದು ಗ್ರೀಸಕ್ಕ ಎಷ್ಟೋ ಸಲ ಮನಸ್ಸಿನಲ್ಲೇ ಹಾರೈಸಿದ್ದುಂಟು.

ಒಂದು ಪ್ರದರ್ಶನದ ದಿನ ತಂಗಿ ಇಳಿಯಲು ಬಂದಳು. ವಿಮಾನದ ಎಡಗಾಲು ಬಿಚ್ಚಿಕೊಂಡಿತು. ಬಲಗಾಲು ರೆಕ್ಕೆಯೊಳಗೇ ಉಳಿಯಿತು.

'ಸಿಕ್ಕಿಬಿದ್ದಳು' ಎಂದು ಗ್ರೀಸಕ್ಕನ ಮನಸ್ಸು ಒಂದು ಗಳಿಗೆ ಕುಣಿಯಿತು. ಮರುಗಳಿಗೆಗೆ ಅವಳು ಮೈದಾನದ ಉದ್ದಕ್ಕೂ ಓಡಿ, ಸಂಸ್ಥೆಯ ಯಜಮಾನರ ಕೈಯಿಂದ ರೇಡಿಯೊ ಕಿತ್ತುಕೊಂಡಳು. ದುರ್ಬೀನಿನಲ್ಲಿ ನೋಡಿದರೆ ರೆಕ್ಕೆಯ ಅಡಿಯಲ್ಲಿ ಚಕ್ರ ಕಾಣುತ್ತಿತ್ತು; ಅದನ್ನು ಮೇಲೆ ಹಿಡಿದಿಡುವ ಕೊಕ್ಕೆ ಬಿಟ್ಟಿರಲಿಲ್ಲ.

"ಅಕ್ಕಾ, ಗಾಳಿ ಬಾಟ್ಲಿ ಒತ್ತಿಬಿಡ್ಲಾ?" ರೇಡಿಯೊದಲ್ಲಿ ತಂಗಿಯ ದನಿ. ಎಣ್ಣೆಯ ಒತ್ತಡ ಕೈಕೊಟ್ಟರೆ ಗಾಳಿಯ ರಭಸದಿಂದ ಕಾಲು ಇಳಿಸುವ ತುರ್ತು ಬಾಟಲಿ ಅದು.

"ಮುಟ್ಟಬೇಡ! ಅದನ್ನ ಒತ್ತಿದ್ರೆ ಎಡಗಾಲು ಮತ್ತೆ ಮೇಲಕ್ಕೆ ಹೋಗಲ್ಲ. ಒಂಟಿ ಕಾಲಲ್ಲಿ ಇಳಿದ್ರೆ ಮಗುಚಿ ಬೀಳ್ತೀಯ. ಮೊದಲು ಕಾಲು ಮೇಲಕ್ಕೆ ಎಳ್ಕೊ. ಆಮೇಲೆ ಮೂತಿ ಗಕ್ಕನೆ ಕೆಳಗೆ ತಳ್ಳು, ಕೊಕ್ಕೆ ಮೇಲಿನ ಭಾರ ಇಳಿಯುತ್ತೆ. ಆಗ ಕಾಲು ಬಿಡು."

ಮೂರು ಸಲ ಮಾಡಿದಳು. ಮೂರು ಸಲವೂ ಎಡಗಾಲು ಬಂತು, ಬಲಗಾಲು ಬರಲಿಲ್ಲ.

ಉಳಿದಿದ್ದು ಒಂದೇ ದಾರಿ. ಎರಡೂ ಕಾಲು ಮಡಚಿ, ಹುಲ್ಲಿನ ಮೇಲೆ ಹೊಟ್ಟೆ ಊರಿ ಇಳಿಯುವುದು. ಆ ಹೊಟ್ಟೆಯ ತಗಡನ್ನು ಗ್ರೀಸಕ್ಕ ನಾಲ್ಕು ವರ್ಷ ಕೂತು ಒಂದೊಂದೇ ರಿವೆಟ್ ಮೊಳೆ ಹೊಡೆದು ಮುಚ್ಚಿದ್ದಳು.

"ಹೊಟ್ಟೆ ಮೇಲೆ ಇಳಿ."

"ನಿನ್ನ ಕೆಲಸ ಎಲ್ಲ ಹಾಳಾಗುತ್ತಲ್ಲೇ ಅಕ್ಕಾ!"

"ನನ್ನ ಕೆಲಸ ನಾನು ನೋಡ್ಕೊತೀನಿ. ಪಟ್ಟಿ ಬಿಗಿ ಮಾಡ್ಕೊ. ಮೇಲಿನ ಗಾಜು ಹಿಂದಕ್ಕೆ ಸರಿಸು. ಗಾಳಿಗೆ ಎದುರಾಗಿ ಬಾ. ನೆಲ ಹತ್ತಿರ ಬಂದಾಗ ಪೆಟ್ರೋಲು, ಸ್ವಿಚ್ಚು ಎರಡೂ ಬಂದ್ ಮಾಡು. ಬಾಲ ಮೊದಲು ತಾಗಲಿ. ರೆಕ್ಕೆ ಮಾತ್ರ ಸಮ ಇರಲಿ, ಕೇಳಿಸ್ತಾ?"

"ಹೂಂ."

ತಂಗಿ ಹಾಗೇ ಇಳಿದಳು. ಬಾಲ ಉಜ್ಜಿತು, ಹೊಟ್ಟೆ ಕೂತಿತು, ಪ್ರೊಪೆಲ್ಲರಿನ ಅಲಗುಗಳು ಬಾಳೆಹಣ್ಣಿನ ಸಿಪ್ಪೆಯಂತೆ ಮಡಚಿಕೊಂಡವು. ತಗಡು ಹರಿಯುವ ಸದ್ದು ಮೈದಾನದ ಆಚೆಗೂ ಕೇಳಿಸಿತು. ವಿಮಾನ ನಿಂತಿತು. ಬೆಂಕಿ ಹತ್ತಲಿಲ್ಲ. ತಂಗಿ ತಾನೇ ಇಳಿದು ನಡೆದು ಬಂದಳು. ಚಪ್ಪಾಳೆ ಮುಗಿಲು ಮುಟ್ಟಿತು, ಪತ್ರಿಕೆಯವರು ಅವಳನ್ನು ಮುತ್ತಿಕೊಂಡರು. ಕೈಯಲ್ಲಿ ರೇಡಿಯೊ ಹಿಡಿದು ನಿಂತ ಗ್ರೀಸಕ್ಕನಿಗೆ ಒಬ್ಬ ಫೋಟೊದವನು, "ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದ. ತಂಗಿ ಬದುಕಿದಳೆಂಬ ನೆಮ್ಮದಿಯ ನಡುವೆಯೇ ಹೊಟ್ಟೆ ಉರಿಯಿತು. ಎರಡೂ ಒಟ್ಟಿಗೆ ಇರಬಹುದೆಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕೊಕ್ಕೆ ಬಿಚ್ಚಿ ನೋಡಿದಳು. ಹೋದ ತಿಂಗಳು ಅವಳೇ ಅದರ ಕೀಲಿಗೆ ತೊಡಿಸಿದ ಬುಷ್ ಎಂಬ ಹೊಸ ಲೋಹದ ಬಳೆ ಕೂದಲೆಳೆಯಷ್ಟು ಬಿಗಿಯಾಗಿತ್ತು. ನೆಲದ ಮೇಲೆ ಸಲೀಸಾಗಿ ತಿರುಗಿದ್ದು ಮೇಲಿನ ಚಳಿಗೆ ಹಿಡಿದುಕೊಂಡಿತ್ತು. ಅದನ್ನು ಎರಡು ಸಲ ಅಳೆದಳು. ಹೆಸರು ಬಂದಿದ್ದು ತಂಗಿಗೆ, ತಪ್ಪು ಉಳಿದಿದ್ದು ತನಗೆ! ಬುಷ್ಷನ್ನು ಜೇಬಿಗೆ ಹಾಕಿಕೊಂಡರೆ ಕೇಳುವವರಿರಲಿಲ್ಲ. ಜೇಬಿಗೆ ಹಾಕಿಕೊಂಡಳು ಕೂಡ. ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಅದನ್ನು ಯಜಮಾನರ ಮೇಜಿನ ಮೇಲಿಟ್ಟಳು. "ತಪ್ಪು ನಂದು" ಎಂದಳು. ಅಲ್ಲೇ ಕೂತಿದ್ದ ತಂಗಿಯ ಮುಖ ನೋಡಲಾಗಲಿಲ್ಲ.

ಯಜಮಾನರು ಬುಷ್ಷನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಇನ್ನು ಮೇಲೆ ನಿನ್ನ ಕೆಲಸ ಇನ್ನೊಬ್ಬರು ಅಳೀಬೇಕು" ಎಂದಷ್ಟೇ ಹೇಳಿದರು.

ಹೊರಗೆ ಬಂದಾಗ ತಂಗಿ ಕೇಳಿದಳು: "ಬೇಕಂತ ಮಾಡಲಿಲ್ಲ ತಾನೆ?"

"ಇಲ್ಲ. ಆದ್ರೆ ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು."

"ಅದು ಗೊತ್ತು. ಆ ಡಾಕ್ಟ್ರ ರೂಮಿನಿಂದ ಗೊತ್ತು." ತಂಗಿ ಅಕ್ಕನ ಜೊತೆ ಹೆಜ್ಜೆ ಹಾಕುತ್ತಲೇ, "ಯಜಮಾನರು ಹೇಳಿದ್ರಲ್ಲ, ಅಳೆಯೋದು ನಾನೇ ಕಲೀತೀನಿ. ಕಲಿಸ್ತೀಯ?" ಎಂದಳು.

ಹೊಟ್ಟೆಯ ತಗಡು ಮತ್ತೆ ಕೂರಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಹಾರಾಟವಿಲ್ಲದ ತಂಗಿ ದಿನವೂ ಅಕ್ಕನ ಪಕ್ಕ ಅಂಗಾತ ಮಲಗಿದಳು. ಮೊದಲ ದಿನ ಹೊಡೆದ ಹನ್ನೊಂದು ರಿವೆಟ್ಟುಗಳಲ್ಲಿ ಒಂಬತ್ತು ಸೊಟ್ಟ.

"ಇದೇನೇ ಇದು?" ಎಂದಳು ಗ್ರೀಸಕ್ಕ, ನಗು ತಡೆಯಲಾಗದೆ. "ಕೀಳು ಎಲ್ಲಾನೂ."

"ನಿಂಗೆ ಖುಷಿಯಾಗ್ತಿದೆ ಅಲ್ವಾ?"

"ತುಂಬಾ."