ನರಿತಾಯಿಗೆ ಒಪ್ಪಿಸಿದ ಹಿಡಿ

ಏ, ಸೆನ್ನಿಚಿಮಾಯೆ ಬೀದಿಯವರೇ! ಆಚೆ ಬದಿಯಲ್ಲಿ ನಿಂತವರೂ ಇತ್ತ ಕಿವಿ ಕೊಡಿ! ನಮ್ಮ ಶಿಗೆನೊಗೆ ಸಿಟ್ಟು ಬಂದ ಕಥೆ ಇದು.

ಶಿಗೆನೊ ಮೂಕಿಚಿತ್ರಗಳಿಗೆ ದನಿ ಕೊಡುವವಳು. ಪರದೆಯ ಮೇಲೆ ಹೆಣ್ಣುವೇಷದ ಗಂಡಸು ಬಾಯಿ ಆಡಿಸಿದರೆ, ಪಕ್ಕದಲ್ಲಿ ಕುಳಿತ ಇವಳ ಗಂಟಲಿನಿಂದ ಮಾತು ಹೊರಡುತ್ತಿತ್ತು. ಆ ಹೊಸವರ್ಷಕ್ಕೆ ಬಂದದ್ದು ನರಿತಾಯಿಯ ಕಥೆ: ಹೆಣ್ಣಾಗಿ ಸಂಸಾರ ಮಾಡಿದ ನರಿ, ಗುಟ್ಟು ರಟ್ಟಾದಾಗ ಮಲಗಿದ ಮಗನನ್ನು ಬಿಟ್ಟು ಕಾಡಿಗೆ ಮರಳುವುದು. ಶಿಗೆನೊ ಹುಟ್ಟಿದ್ದೇ ಆ ನರಿ ಮರಳಿತೆನ್ನುವ ಶಿನೋದಾ ಕಾಡಿನ ಅಂಚಿನಲ್ಲಿ. ಅವಳ ಊರಿನಲ್ಲಿ ಈ ಕಥೆಗೆ ಯಾರೂ ನಗುವುದಿಲ್ಲ. ಹೇಳುವ ಮೊದಲು ಕಲ್ಲುನರಿಯ ಮುಂದೆ ಕರಿದ ತೋಫು ಇಟ್ಟು ಅಪ್ಪಣೆ ಕೇಳುತ್ತಾರೆ. ಅವಳೂ ಬೆಳಿಗ್ಗೆಯೇ ಬೀದಿಕೊನೆಯ ನರಿಗುಡಿಯಲ್ಲಿ ತೋಫು ಇಟ್ಟು, "ನಿನ್ನ ಕಣ್ಣೀರು ನಗೆಪಾಟಲಾಗೋಕೆ ಬಿಡಲ್ಲ ತಾಯಿ" ಎಂದು ಮಾತು ಕೊಟ್ಟಿದ್ದಳು.

ಮೂರನೇ ಆಟ. ಹೊರಟ ತಾಯಿ ಮಗನ ಕೆನ್ನೆ ಸವರಬೇಕು. ಎಲ್ಲಿ ಸವರಿದಳು? ಸೊಳ್ಳೆ ಹೊಡೆದ ಹಾಗೆ ಪಟಪಟ ಬಡಿದು, ಕಪ್ಪೆಯಂತೆ ಕುಪ್ಪಳಿಸಿ ಓಡಿದಳು! ಶಿಗೆನೊ ಒಂದು ಸಾಲು ಮುಗಿಸುವಷ್ಟರಲ್ಲಿ ನರಿ ಕಾಡು ಸೇರಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳು ದಡದಡನೆ ಏಣಿ ಹತ್ತಿ ಚಿತ್ರ ಓಡಿಸುವ ಯಂತ್ರದ ಕೋಣೆಗೆ ನುಗ್ಗಿದಳು. "ಏನೋ ತಾಮೆಜೊ, ಕೈಗೇನು ದೆವ್ವ ಹಿಡಿದಿದ್ಯಾ?"

ಹಿಡಿಯಿಂದ ಯಂತ್ರ ತಿರುಗಿಸುವ ತಾಮೆಜೊ ಬೆವರು ಒರೆಸಿಕೊಂಡ. "ನನ್ನ ಬೈಬೇಡ ಅಕ್ಕ. ಹಬ್ಬದ ದಿನ ಎರಡಾಟ ಜಾಸ್ತಿ ಆಗ್ಬೇಕು, ಜೋರಾಗಿ ತಿರುಗ್ಸು ಅಂತ ಯಜಮಾನ್ರೇ ಹೇಳಿದ್ದು."

ಹಿಂದೆಯೇ ಬಂದಿದ್ದ ಯಜಮಾನ ಕುರಾಹಾಶಿ ಹಲ್ಲು ಕಿರಿದ. "ಅತ್ರೂ ಅದೇ ಟಿಕೀಟು, ನಕ್ರೂ ಅದೇ ಟಿಕೀಟು. ನೀನೂ ಬೇಗ ಬೇಗ ಅಳಮ್ಮ."

"ಬೇಗ ಅಳೋದು ಹೆಂಗೆ? ನಿಮ್ಮಮ್ಮ ಹೋದಾಗ ನೀವು ಹಂಗೇ ಅತ್ತಿದ್ರಾ?"

ಅವನ ಮುಖ ಕೆಂಪಾಯಿತು. "ಒಂದು ನರಿಗೆ ಇಷ್ಟೊಂದು ಮರ್ಯಾದೆನಾ? ಬೇಕಾದ್ರೆ ಆ ನರೀನೇ ಬಂದು ನನ್ನ ಕೇಳ್ಲಿ, ಹೋಗು!" ಎಂದವನೇ ಮುಂದಿನ ಆಟಕ್ಕೆ ಜನ ಕರೆಯಲು ಇಳಿದುಹೋದ.

ಶಿಗೆನೊ ಯಂತ್ರದ ಹಿಡಿಯನ್ನು ಕಳಚಿ ಕಿಮೊನೊ ತೋಳಿನೊಳಗೆ ಸೇರಿಸಿದಳು. ತಾಮೆಜೊ ಗೋಡೆಗೆ ಮುಖ ಮಾಡಿ ನಿಂತ.

"ನಾನೇನೂ ನೋಡ್ಲಿಲ್ಲ. ಆದ್ರೆ ಅವ್ರು ಕೇಳಿದ್ರೆ?"

"ನರಿ ಹತ್ರ ಇದೆ ಅನ್ನು."

ಗುಡಿಯಲ್ಲಿ ಬೆಳಗಿನ ತೋಫು ಹಾಗೇ ಇತ್ತು. ಪಕ್ಕದಲ್ಲಿ ಹಿಡಿಯನ್ನಿಟ್ಟಳು. "ನೀನು ಹೋಗೋದು ಬೇಡ ತಾಯಿ. ಇದನ್ನ ಹುಡ್ಕೊಂಡು ಅವನೇ ಬರ್ತಾನೆ. ಮಂಡಿಯೂರೋ ತನಕ ಕೊಡ್ಬೇಡ."

ಎರಡು ಸಲ ಚಪ್ಪಾಳೆ ತಟ್ಟಿ, ತಲೆಬಾಗಿ, ಮನೆಗೆ ನಡೆದಳು.